ಬಿಳಿ ಪಟ್ಟಿಯ ಟೈರುಗಳು

ತಂಗಿಯನ್ನು ಮಣ್ಣು ಮಾಡಿ ಬಂದ ದಿನ ಗುನ್ವೋರಳಿಗೆ ಅಳು ಬರಲಿಲ್ಲ. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕಾಫಿಯ ಘಮಲು ತುಂಬಿತ್ತು. ಸೀಗಡಿ, ಮೊಟ್ಟೆ, ಸಬ್ಬಸಿಗೆ ಹೊದಿಸಿದ ಖಾರದ ಕೇಕನ್ನು ಉದ್ದನೆಯ ಮೇಜಿನ ಮೇಲೆ ಕತ್ತರಿಸಿ ಇಟ್ಟಿದ್ದರು. ಬಂದವರೆಲ್ಲ ಮೊದಲು ತೋರ್ಕೆಲ್‌ನ ಬಳಿ ಹೋಗುತ್ತಿದ್ದರು. ಅವನು ತೀರಿಕೊಂಡ ತಂಗಿ ಆನೆಲಿಯ ಗಂಡ. ಅಪಘಾತದ ದಿನ ಕಾರು ಓಡಿಸಿದವನೂ ಅವನೇ. ಅವನ ಕೊರಳೆಲುಬು ಮುರಿದಿತ್ತು, ಕೈಯನ್ನು ಕಪ್ಪು ಬಟ್ಟೆಯಲ್ಲಿ ಜೋಲಿ ಕಟ್ಟಿಕೊಂಡಿದ್ದ.

"ಗ್ರಹಚಾರ ಕಣೋ," ಎಂದ ಸ್ಟೆಲ್ಲಾನ್. ಅವನು ನೂರ್ವಿಕ್ ಊರಿನ ಹಳೇ ಕಾರುಗಳ ಸಂಘದ ಅಧ್ಯಕ್ಷ. "ನೇರ ರಸ್ತೆ, ಒಣ ರಸ್ತೆ, ನಿಧಾನಕ್ಕೆ ಹೋಗ್ತಿದ್ದೀಯ. ಅಂಥ ಕಡೆ ಟೈರು ಒಡೀತು ಅಂದ್ರೆ ಇನ್ನೇನು ಹೇಳೋದು?"

ತೋರ್ಕೆಲ್ ತಲೆ ತಗ್ಗಿಸಿಕೊಂಡು ಕೂತಿದ್ದ. ಅವನ ಮುಂದಿನ ಕಾಫಿ ಆರಿ ತಣ್ಣಗಾಗಿತ್ತು. ಇನ್ನೊಬ್ಬರು ಬಂದರು, ಅವರೂ ಗ್ರಹಚಾರ ಎಂದರು. ಆಮೇಲೆ ಪಾದ್ರಿಯೂ ಅದನ್ನೇ ಸ್ವಲ್ಪ ದೊಡ್ಡ ಮಾತಿನಲ್ಲಿ ಹೇಳಿದರು. ಗುನ್ವೋರ್ ತಟ್ಟೆ ಹಿಡಿದು ಗೋಡೆಗೆ ಆನಿಕೊಂಡು ನಿಂತೇ ಇದ್ದಳು. ಊರಿನ ಶಾಲೆಯ ಅಡುಗೆಮನೆಯಲ್ಲಿ ಜೀವನವೆಲ್ಲ ಕಳೆದವಳು ಅವಳು. ಈ ಸಭಾಂಗಣದಲ್ಲಿ ಸೂಟು ಹಾಕಿಕೊಂಡು ನಿಂತಿದ್ದ ಗಂಡಸರಲ್ಲಿ ಅರ್ಧಕ್ಕರ್ಧ ಜನ ಅವಳ ಕೈಯ ಊಟ ಉಂಡು ದೊಡ್ಡವರಾದವರು. ಆ ಗ್ರಹಚಾರದ ಮಾತು ಮಾತ್ರ ಅವಳ ಗಂಟಲಲ್ಲಿ ಇಳಿಯಲಿಲ್ಲ. ಏಕೆಂದು ಅವಳಿಗೇ ಆಗ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ತೋರ್ಕೆಲ್‌ನ ಹತ್ತಿರ ಐವತ್ತರ ದಶಕದ ಒಂದು ಅಮೆರಿಕನ್ ಕಾರಿತ್ತು, ಕೆನೆ ಮತ್ತು ಹಸಿರುನೀಲಿ ಬಣ್ಣದ್ದು, ದೋಣಿಯಷ್ಟು ಉದ್ದ. ವರ್ಷದ ಹೆಚ್ಚಿನ ಪಾಲು ಅದು ಗ್ಯಾರೇಜಿನಲ್ಲಿ ಹತ್ತಿಯ ಹೊದಿಕೆ ಹೊದ್ದು ನಿಂತಿರುತ್ತಿತ್ತು. ಬೇಸಿಗೆಯಲ್ಲಿ ಬಿಸಿಲು ಚೆನ್ನಾಗಿದ್ದರೆ ಮೂರೋ ನಾಲ್ಕೋ ಸಲ ಹೊರಗೆ ಬರುತ್ತಿತ್ತು, ಸಂಘದ ಮೆರವಣಿಗೆಗೆ, ಯಾರದೋ ಮದುವೆಗೆ. ಜೂನ್ ತಿಂಗಳ ಮೊದಲ ಬಿಸಿಲಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಅದರಲ್ಲಿ ಕೆರೆಯಂಚಿನ ಹೋಟೆಲಿಗೆ ದೋಸೆ ತಿನ್ನಲು ಹೊರಟರು. ಕ್ರೀಮು, ಜಾಮು ಹಾಕಿದ ಅಲ್ಲಿಯ ತೆಳು ದೋಸೆ ಆನೆಲಿಗೆ ಪ್ರಾಣ. ದಾರಿಯಲ್ಲಿ ಬಲಗಡೆಯ ಮುಂದಿನ ಟೈರು ಒಡೆಯಿತು. ಕಾರು ಬಲಕ್ಕೆ ಎಳೆದುಕೊಂಡು ಚರಂಡಿ ಹಾರಿ ಪೈನ್ ಮರಕ್ಕೆ ಬಡಿಯಿತು. ಆ ಕಾಲದ ಕಾರಿಗೆ ಬೆಲ್ಟೂ ಇಲ್ಲ. ಸ್ಟಿಯರಿಂಗ್ ಎಡಗಡೆ; ಬಲಗಡೆ ಆನೆಲಿ ಕೂತಿದ್ದ ಕಡೆಯೇ ಮರ ಸಿಕ್ಕಿತು.

ಮುಂದಿನ ವಾರ ಆನೆಲಿಯ ಕೈಚೀಲ ತರಲು ಗುನ್ವೋರ್ ಸಿವ್‌ಳ ಅಂಗಳಕ್ಕೆ ಹೋದಳು. ಸಿವ್ ಕೆಟ್ಟ ಕಾರುಗಳನ್ನು ಎಳೆದು ತರುವ ಲಾರಿ ಇಟ್ಟುಕೊಂಡವಳು, ಹಳೇ ಕಾರುಗಳ ಸಂಘದವಳೂ ಹೌದು. ಪೊಲೀಸರು ನೋಡಿ ಮುಗಿಸಿದ್ದ ಆ ಕಾರು ಅವಳ ಅಂಗಳದ ಮೂಲೆಯಲ್ಲಿ ಟಾರ್ಪಾಲು ಮುಚ್ಚಿಕೊಂಡು ನಿಂತಿತ್ತು.

"ಚೀಲ ಆಫೀಸಲ್ಲಿದೆ. ಕಾರು ನೋಡ್ಬೇಡ ಗುನ್ವೋರ್," ಎಂದಳು ಸಿವ್.

ನೋಡಬೇಡ ಎಂದದ್ದಕ್ಕೇ ಅವಳು ಹೋಗಿ ಟಾರ್ಪಾಲು ಎತ್ತಿದಳು. ಜಜ್ಜಿಹೋದ ಕಡೆಗೆ ಅವಳು ಕಣ್ಣು ಹಾಯಿಸಲಿಲ್ಲ, ಆಗಲಿಲ್ಲ. ಈಚೆ ಪಕ್ಕದಲ್ಲಿ ಹಿಂದಿನ ಚಕ್ರ ಹಾಗೇ ಇತ್ತು. ಅಗಲವಾದ ಬಿಳಿ ಪಟ್ಟಿ, ಅದರ ಸುತ್ತ ಮಿರಿಮಿರಿ ಕಪ್ಪು. ಗ್ರಿಪ್ಪು ಆಳವಾಗಿತ್ತು, ಹೊಸ ಟೈರಿನ ಮೇಲಿರುವ ರಬ್ಬರಿನ ಸಣ್ಣ ಮುಳ್ಳುಗಳು ಕೂಡ ಅಲ್ಲಲ್ಲಿ ಇನ್ನೂ ನಿಂತಿದ್ದವು. ಗುನ್ವೋರ್ ಬಗ್ಗಿ ಪಕ್ಕೆಯ ಮೇಲೆ ಬೆರಳಾಡಿಸಿದಳು. ಬೆರಳಿಗೆ ಎಣ್ಣೆಯಂಥ ಕಪ್ಪು ಹತ್ತಿತು. ಅದನ್ನು ಅಂಗಿಯ ತುದಿಯಿಂದ ಉಜ್ಜಿದಾಗ ಕೆಳಗಿನ ರಬ್ಬರು ಕಂಡಿತು. ಪಟ್ಟಿಯ ಅಂಚಿನುದ್ದಕ್ಕೂ ಸೀಳುಸೀಳಾಗಿ ಬಿರುಕು ಬಿಟ್ಟಿತ್ತು. ಒಂದು ಬಿರುಕಿನಲ್ಲಿ ಉಗುರು ಹೋಯಿತು. ಇನ್ನೊಂದರಲ್ಲಿ ಉಗುರು ಒಳಗಿನ ನೂಲಿಗೆ ತಾಗಿತು.

"ಇದೇನಿದು?"

ಸಿವ್ ಜೇಬಿನಲ್ಲಿ ಕೈ ಇಟ್ಟುಕೊಂಡು ನೆಲ ನೋಡಿದಳು. "ವಯಸ್ಸು."

"ಹೊಸದರ ಹಾಗೆ ಕಾಣ್ತದಲ್ಲ."

"ಓಡಿಲ್ಲ, ಅದಕ್ಕೇ ಸವೆದಿಲ್ಲ. ಆದ್ರೆ ರಬ್ಬರು ನಿಂತಲ್ಲೇ ಒಣಗ್ತದೆ. ದಿನಾ ಓಡೋ ಟೈರಲ್ಲಿ ಒಳಗಿನ ಜಿಡ್ಡು ಹೊರಗೆ ಬರ್ತಾ ಇರ್ತದೆ, ಮೈ ಮೆತ್ತಗಿರ್ತದೆ. ನಿಂತೇ ಇದ್ರೆ ಅದೂ ಇಲ್ಲ. ಗಾಳಿ ಬೇರೆ ಇಳಿದು ಒಂದೇ ಮಗ್ಗುಲಿಗೆ ಭಾರ." ಸಿವ್ ಬಗ್ಗಿ ಪಕ್ಕೆಯ ಮೇಲೆ ಒಂದು ಸಣ್ಣ ಚೌಕಟ್ಟು ತೋರಿಸಿದಳು. ಅದರಲ್ಲಿ 1901 ಎಂದು ಅಚ್ಚಾಗಿತ್ತು.

"ಹತ್ತೊಂಬೈನೂರ ಒಂದಾ?"

"ಅಲ್ಲ ಮಾರಾಯ್ತಿ. ಮೊದಲೆರಡು ಅಂಕಿ ವಾರ, ಕೊನೆಯೆರಡು ಅಂಕಿ ವರ್ಷ. ಎರಡು ಸಾವಿರದ ಒಂದನೇ ಇಸವಿಯ ಟೈರು."

ಆ ವರ್ಷ ಆನೆಲಿ ಇನ್ನೂ ತೋರ್ಕೆಲ್‌ನ ಮುಖವನ್ನೇ ನೋಡಿರಲಿಲ್ಲ. ಪಟ್ಟಣದಲ್ಲಿ ಬಾಡಿಗೆ ಕೋಣೆ ಹಿಡಿದು ಹೂವಿನಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳನ್ನು ಕೊಲ್ಲುವ ಟೈರು ಆಗಲೇ ತಯಾರಾಗಿ ಎಲ್ಲೋ ನಿಂತಿತ್ತು.

"ನಿಮ್ಮ ಸಂಘದೋರಿಗೆ ಇದು ಗೊತ್ತಿಲ್ವಾ?"

"ಗೊತ್ತು," ಎಂದಳು ಸಿವ್. ಟಾರ್ಪಾಲನ್ನು ಮತ್ತೆ ಎಳೆದು ಮುಚ್ಚುತ್ತ, "ನನ್ನ ಕಾರಿನದ್ದೂ ಹಾಗೇ ಇರಬಹುದು. ಬಗ್ಗಿ ನೋಡಿಲ್ಲ," ಎಂದಳು.

ಗುನ್ವೋರ್ ಚೀಲ ತೆಗೆದುಕೊಂಡವಳು ಮನೆಗೆ ಹೋಗಲಿಲ್ಲ, ಸೀದಾ ತೋರ್ಕೆಲ್‌ನ ಮನೆಗೆ ಹೋದಳು. ಅವನು ಖಾಲಿ ಗ್ಯಾರೇಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ಗೋಡೆಯ ಹಲಗೆಯ ಮೇಲೆ ಸ್ಪರ್ಧೆಗಳಲ್ಲಿ ಗೆದ್ದ ಟ್ರೋಫಿಗಳು ಸಾಲಾಗಿ ನಿಂತಿದ್ದವು. ಅವುಗಳ ಕೆಳಗೆ ಮೇಣ, ಪಾಲಿಶ್, ಸ್ಪಂಜು, ಮತ್ತು ಟೈರಿಗೆ ಬಳಿಯುವ ಕಪ್ಪಿನ ಬಾಟಲಿ.

"ಬಾ ಗುನ್ವೋರ್. ನಾನೇ ಬರೋಣ ಅಂತಿದ್ದೆ. ಶನಿವಾರ ಸಂಘದೋರೆಲ್ಲ ಆನೆಲಿ ನೆನಪಿಗೆ ಒಂದು ಮೆರವಣಿಗೆ ಮಾಡ್ತಾರಂತೆ. ಇಲ್ಲಿಂದ ಕೆರೆ ಹೋಟೆಲ್ ತನಕ. ಪ್ರತಿ ಕಾರಿನ ಗಾಜಿಗೂ ಅವಳ ಫೋಟೊ. ನೀನು ಸ್ಟೆಲ್ಲಾನ್ ಕಾರಲ್ಲಿ ನನ್ನ ಜೊತೆ ಮುಂದೆ ಕೂತ್ಕೋಬೇಕು."

"ಆ ಟೈರು ಬಿರುಕು ಬಿಟ್ಟಿದ್ದು ನಿನಗೆ ಗೊತ್ತಿತ್ತಾ?"

ಅವನ ಕಣ್ಣು ಕಪ್ಪಿನ ಬಾಟಲಿಯ ಕಡೆ ಹೋಯಿತು. ಆ ನೋಟವೇ ಅವಳಿಗೆ ಉತ್ತರವಾಯಿತು.

"ಗ್ರಿಪ್ಪು ಹೊಸದರ ಹಾಗಿತ್ತು..."

"ಗ್ರಿಪ್ಪು ಕೇಳಲಿಲ್ಲ ನಾನು. ಬಿರುಕು."

"ಹಳೇ ಟೈರಲ್ಲಿ ಸ್ವಲ್ಪ ಬಿಡ್ತದೆ, ಎಲ್ಲರದ್ದೂ ಬಿಡ್ತದೆ. ನಾನು ಪ್ರತಿ ವಸಂತದಲ್ಲೂ ಕಪ್ಪು ಹಚ್ಚಿ..."

"ಮುಚ್ತಿದ್ದೆ."

"ಕಾಪಾಡ್ತಿದ್ದೆ ಅಂತ ಅಂದ್ಕೊಂಡಿದ್ದೆ."

"ಬದಲಾಯಿಸೋಕೆ ಏನು ದಾಡಿ ಬಂದಿತ್ತು ನಿನಗೆ?"

ತೋರ್ಕೆಲ್ ನೋವಿಲ್ಲದ ಕೈಯಿಂದ ಮುಖ ಉಜ್ಜಿಕೊಂಡ. "ಅಷ್ಟು ಅಗಲದ ಬಿಳಿ ಪಟ್ಟಿ ಇಲ್ಲಿ ಸಿಗಲ್ಲ. ಅಮೆರಿಕದಿಂದ ತರಿಸ್ಬೇಕು, ತಿಂಗಳುಗಟ್ಟಲೆ ಕಾಯ್ಬೇಕು, ಬೇಸಿಗೆ ಮುಗಿದೇ ಹೋಗ್ತದೆ. ಸಣ್ಣ ಪಟ್ಟಿದು ಹಾಕಿದ್ರೆ ಕಾರು ಕಾರಿನ ಹಾಗೆ ಕಾಣಲ್ಲ. ಸ್ಪರ್ಧೆಲಿ ಅಂಕ ಕಳೀತಾರೆ."

ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದೀತು ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಕೈಯಲ್ಲಿ ದುಡ್ಡಿರಲಿಲ್ಲ, ಕಾಯಿಲೆಯಿತ್ತು, ಮರೆತೆ, ಹೀಗೆ ಏನಾದರೂ. ನಾಲ್ಕು ಬೆರಳಗಲದ ಬಿಳಿ ಬಣ್ಣಕ್ಕಾಗಿ ಎಂದು ಅವಳಿಗೆ ಹೊಳೆದಿರಲೇ ಇಲ್ಲ.

"ಆನೆಲಿಗೆ ಗೊತ್ತಿತ್ತಾ?"

"ಒಂದ್ಸಲ ಕಾರು ತೊಳೀತಾ ಕೇಳಿದ್ಳು. ಇದೇನು ಹಿಂಗೆ ಒಡೆದಿದೆ ಅಂತ."

"ನೀನೇನಂದೆ?"

"ಮೇಲಿನ ತೊಗಲು ಅಷ್ಟೆ, ಒಳಗೆ ಗಟ್ಟಿ ಇದೆ ಅಂದೆ."

"ನಂಬಿದ್ಳು."

"ಹೂಂ."

"ನಂಬಿ ಪಕ್ಕದಲ್ಲಿ ಕೂತ್ಳು."

ತೋರ್ಕೆಲ್ ಅಳತೊಡಗಿದ. ಗುನ್ವೋರಳಿಗೆ ಅವನ ಅಳು ನೋಡಿ ಮರುಕ ಹುಟ್ಟಲಿಲ್ಲ, ಬದಲಿಗೆ ಮೈ ಉರಿಯಿತು. ನನ್ನ ತಂಗಿಗಾಗಿ ನಾನಿನ್ನೂ ಅತ್ತಿಲ್ಲ, ಈ ಮನುಷ್ಯ ನನ್ನ ಮುಂದೆ ತನಗಾಗಿ ಅಳುತ್ತಿದ್ದಾನೆ. ಅವಳು ಕಪ್ಪಿನ ಬಾಟಲಿ ಎತ್ತಿ ಗೋಡೆಗೆ ಬೀಸಿದಳು. ಅದು ಒಡೆಯಲೂ ಇಲ್ಲ. ಪ್ಲಾಸ್ಟಿಕ್ಕಿನದು, ಟಪ್ ಎಂದು ಪುಟಿದು ಅವಳ ಕಾಲ ಹತ್ತಿರವೇ ಉರುಳಿಕೊಂಡು ಬಂತು. ಅದನ್ನು ಒದ್ದು ಅವಳು ಹೊರಗೆ ನಡೆದಳು.

ಶನಿವಾರದ ಹೊತ್ತಿಗೆ ಅವಳ ಕೋಪ ಆರಿರಲಿಲ್ಲ, ಹದಕ್ಕೆ ಬಂದಿತ್ತು. ಶಾಲೆಯ ಅಡುಗೆಮನೆಯಲ್ಲಿ ದಿನದ ಊಟ ಬರೆಯುವ ಕಪ್ಪು ಹಲಗೆಯಿಂದ ಅವಳು ಬಿಳಿ ಚಾಕ್ ತಂದಿದ್ದಳು. ಅದನ್ನು ಕಪ್ಪು ಉಡುಪಿನ ಜೇಬಿಗೆ ಹಾಕಿಕೊಂಡು ಮೆರವಣಿಗೆ ಹೊರಡಲಿದ್ದ, ಹಳೇ ಡೈರಿಯ ಮೈದಾನಕ್ಕೆ ಹೋದಳು.

ಕಾರುಗಳು ಸಾಲಾಗಿ ನಿಂತಿದ್ದವು, ಕೆಂಪು, ತಿಳಿಹಳದಿ, ಬೆಳ್ಳಿ. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಹೊಳೆಯುತ್ತಿದ್ದವು. ಪ್ರತಿ ಗಾಜಿನ ಮೂಲೆಯಲ್ಲೂ ಆನೆಲಿ ನಗುತ್ತಿದ್ದಳು, ಕಳೆದ ಬೇಸಿಗೆಯ ಹುಲ್ಲಿನ ಟೋಪಿ ಹಾಕಿಕೊಂಡು. ಜನ ಥರ್ಮಾಸಿನ ಕಾಫಿ ಕುಡಿಯುತ್ತ ಮೆಲ್ಲಗೆ ಮಾತಾಡುತ್ತಿದ್ದರು. ಗುನ್ವೋರಳನ್ನು ಕಂಡು ದಾರಿ ಬಿಟ್ಟರು. ಅವಳು ಮೊದಲ ಕಾರಿನ ಮುಂದೆ, ಜಲ್ಲಿಕಲ್ಲಿನ ಮೇಲೆ ಮಂಡಿಯೂರಿದಳು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡು ಇಬ್ಬರು ಟೋಪಿ ತೆಗೆದರು.

ಅವಳು ಚಕ್ರದ ಪಕ್ಕೆಯಲ್ಲಿ ಅಂಕಿ ಹುಡುಕಿದಳು. ಸಿಕ್ಕಿತು. ಎದ್ದು ನಿಂತು, ಆ ಕಾರಿನ ಕೆಂಪು ಬಾಗಿಲ ಮೇಲೆ ದೊಡ್ಡದಾಗಿ ಬರೆದಳು: 2004.

"ಏಯ್, ಏಯ್!" ಕಾರಿನ ಒಡೆಯ ಕಾಫಿ ಚೆಲ್ಲಿಕೊಂಡು ಓಡಿ ಬಂದ. "ಬಣ್ಣದ ಮೇಲೆ! ಏನು ಮಾಡ್ತಿದ್ದೀಯ?"

"ನಿನ್ನ ಟೈರು ಹುಟ್ಟಿದ ವರ್ಷ ಬರೀತಿದ್ದೀನಿ."

ಅಷ್ಟರಲ್ಲಿ ಅವಳು ಎರಡನೆಯ ಕಾರಿಗೆ ಹೋಗಿದ್ದಳು. ಅದರ ಅಂಕಿ ಒಳಮಗ್ಗುಲಿಗಿತ್ತು. ಅವಳು ಹೊಸ ಕಪ್ಪು ಉಡುಪಿನಲ್ಲಿಯೇ ಅಂಗಾತ ಮಲಗಿ ಕಾರಿನಡಿ ತಲೆ ತೂರಿಸಿ ನೋಡಿದಳು, ಎದ್ದು 1999 ಎಂದು ಬರೆದಳು. ಮೂರನೆಯದರ ಟೈರು ಹೋದ ವರ್ಷದ್ದು, ಅದನ್ನೂ ಬರೆದಳು. ಆ ಕಾರಿನವನು ಮಾತ್ರ ಬಾಗಿಲಿಂದ ಸರಿದು ಜಾಗ ಬಿಟ್ಟ.

ಸ್ಟೆಲ್ಲಾನ್ ಬಂದು ಅವಳ ರಟ್ಟೆ ಹಿಡಿದ. "ಗುನ್ವೋರ್, ನಿನ್ನ ಸಂಕಟ ಎಲ್ಲರಿಗೂ ಗೊತ್ತು. ಆದ್ರೆ ಇದು ಸರಿಯಲ್ಲ. ಇವರೆಲ್ಲ ಆನೆಲಿಗೋಸ್ಕರ ಬಂದಿದ್ದಾರೆ."

"ಕೈ ಬಿಡೋ. ಊಟದ ಸಾಲಲ್ಲಿ ಮೂಗು ಸೋರಿಸ್ಕೊಂಡು ಇನ್ನೊಂದು ಆಲೂಗಡ್ಡೆ ಹಾಕು ಅಂತ ನಿಂತಿರ್ತಿದ್ದವನು ನೀನು. ನನಗೆ ಸರಿ ತಪ್ಪು ಹೇಳೋಕೆ ಬಂದ್ಯಾ? ನಿನ್ನದು ಯಾವ ವರ್ಷದ್ದು ಹೇಳು, ಬಗ್ಗೋ ಕಷ್ಟ ತಪ್ಪಲಿ."

"ನನ್ನ ಟೈರು ಚೆನ್ನಾಗಿದೆ. ಒಂದೂ ಸವೆದಿಲ್ಲ."

"ಅವನದ್ದೂ ಸವೆದಿರಲಿಲ್ಲ!" ಗುನ್ವೋರ್ ಕೂಗಿದಳು. "ಮುಳ್ಳು ಕೂಡ ಉದುರಿರಲಿಲ್ಲ. ಹೋಗಿ ನೋಡು, ಸಿವ್ ಅಂಗಳದಲ್ಲಿದೆ. ಉಗುರು ಹಾಕಿದ್ರೆ ನೂಲು ಸಿಗ್ತದೆ. ಚರ್ಚಲ್ಲಿ ಅದೇನೋ ಅಂದ್ಯಲ್ಲ, ಗ್ರಹಚಾರ ಅಂತ? ಯಾವ ಗ್ರಹ ಬಂದು ಬಿಳಿ ಪಟ್ಟಿ ಬೇಕು ಅಂತ ಕೇಳ್ತು?"

"ಬಣ್ಣ ಹಾಳಾಗ್ತದೆ ಕಣೇ," ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಚಾಕ್ ಒರೆಸಿದ್ರೆ ಹೋಗ್ತದೆ. ನಾನು ನನ್ನ ತಂಗಿಯ ಚೀಲದಿಂದ ಗಾಜಿನ ಚೂರು ಆರಿಸಿದ್ದೀನಿ. ಬಣ್ಣದ ಮಾತು ನನ್ನ ಹತ್ರ ಆಡ್ಬೇಡಿ."

ಅವಳು ಮುಂದಿನ ಕಾರಿಗೆ ಹೋದಳು. ಅದು ರೋನಿಯದು. ಹಿಂದಿನ ಸೀಟಿನಲ್ಲಿ ಅವನ ಪುಟ್ಟ ಮಗಳು ಆನೆಲಿಯ ಫೋಟೊ ಅಂಟಿಸಿದ ಬಾವುಟ ಹಿಡಿದು ಕೂತಿದ್ದಳು. ಗುನ್ವೋರ್ ಬಾಗಿಲ ಮೇಲೆ 2002 ಎಂದು ಬರೆದಳು. ರೋನಿಯ ಹೆಂಡತಿ ಪೆರ್ನಿಲ್ಲಾ ಕಾರಿನಿಂದ ಇಳಿದು ಬಂದು ಆ ಅಂಕಿ ನೋಡಿದಳು, ಆಮೇಲೆ ಬಗ್ಗಿ ಟೈರು ನೋಡಿದಳು. ಹೆಬ್ಬೆರಳಿನಿಂದ ಪಕ್ಕೆಯನ್ನು ಒತ್ತಿದಾಗ ಬಿರುಕುಗಳು ಬಾಯಿ ತೆರೆದವು. ಹಿಂದಿನ ಬಾಗಿಲು ತೆಗೆದು ಮಗುವನ್ನು ಎತ್ತಿಕೊಂಡಳು.

"ಪೆರ್ನಿಲ್ಲಾ, ನಿಧಾನಕ್ಕೆ ಹೋಗೋಣ, ಏನೂ ಆಗಲ್ಲ," ಎಂದ ರೋನಿ.

"ನೀನು ಹೋಗು."

"ಎಲ್ಲರ ಮುಂದೆ ಹಿಂಗೆ ಮಾಡ್ಬೇಡ್ವೇ."

"ಎಲ್ಲರ ಮುಂದೆ ನೀನು ನನ್ನ ಮಗಳನ್ನ ಇದರಲ್ಲಿ ಕೂರಿಸಿದ್ದೆ," ಎಂದು ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ರಸ್ತೆಯ ಕಡೆ ನಡೆದೇಬಿಟ್ಟಳು. ರೋನಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಹೋದ.

ಅಷ್ಟು ಹೊತ್ತೂ ತೋರ್ಕೆಲ್ ಸ್ಟೆಲ್ಲಾನ್‌ನ ಕಾರಿನೊಳಗೆ ಕೂತೇ ಇದ್ದ. ಈಗ ಇಳಿದು ಬಂದ. ಮುಖ ಬಿಳಿಚಿತ್ತು. "ಸಾಕು ಗುನ್ವೋರ್. ನನ್ನ ಮರ್ಯಾದೆ ತೆಗೀಬೇಕು ಅಂತಿದ್ರೆ ತೆಗೆದಾಯ್ತು. ಇವರನ್ನ ಬಿಡು."

"ನಿನ್ನ ಮರ್ಯಾದೆ ಕಟ್ಕೊಂಡು ನನಗೇನಾಗ್ಬೇಕು? ಮೇಲಿನ ತೊಗಲು ಅಷ್ಟೆ ಅಂತ ಹೇಳಿದ್ಯಲ್ಲ, ಅದನ್ನ ಇವರಿಗೂ ಹೇಳು. ನಿನ್ನ ಬಾಯಲ್ಲೇ ಕೇಳ್ಲಿ."

ಅವನು ಎಲ್ಲರನ್ನೂ ನೋಡಿದ. ಎಲ್ಲರೂ ಅವನನ್ನು ನೋಡಿದರು. ಅವನು ಮತ್ತೆ ಕಾರಿನೊಳಗೆ ಹೋಗಿ ಕೂತು ಬಾಗಿಲು ಹಾಕಿಕೊಂಡ.

ಸ್ಟೆಲ್ಲಾನ್ ತನ್ನ ಕಾರಿನ ಬಾಗಿಲ ಮೇಲೂ ಗುನ್ವೋರ್ ಬರೆದಿದ್ದ 2000 ಎಂಬ ಅಂಕಿಯನ್ನು ಕರವಸ್ತ್ರದಿಂದ ಒರೆಸಿ, ಹಾರ್ನ್ ಹೊಡೆದು ಮೆರವಣಿಗೆ ಹೊರಡಿಸಿದ. ಸಾಲಿನಲ್ಲಿ ಅರ್ಧದಷ್ಟು ಕಾರುಗಳು ಅವನ ಹಿಂದೆ ಹೋದವು. ಉಳಿದವು ಮೈದಾನದಲ್ಲೇ ನಿಂತವು. ಅವುಗಳ ಒಡೆಯರು ಒಬ್ಬರ ಮುಖ ಒಬ್ಬರು ನೋಡದೆ ಚಕ್ರಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಸಿವ್ ಅವತ್ತು ತನ್ನ ಹಳೇ ಕಾರು ತಂದಿರಲಿಲ್ಲ, ಲಾರಿಯಲ್ಲಿ ಬಂದಿದ್ದಳು. ಸಂಜೆಯ ತನಕ ಒಂದೊಂದೇ ಕಾರನ್ನು ಅದರ ಮೇಲೆ ಹೇರಿ ಮನೆಮನೆಗೆ ಮುಟ್ಟಿಸಿದಳು.

ಹೋದವರೆಲ್ಲ ದೋಸೆ ತಿಂದು ಸುಖವಾಗಿ ವಾಪಸು ಬಂದರು. ಒಂದು ಟೈರೂ ಒಡೆಯಲಿಲ್ಲ. "ನೋಡಿದ್ಯಾ?" ಎಂದು ಸ್ಟೆಲ್ಲಾನ್ ದಿನಸಿ ಅಂಗಡಿಯಲ್ಲಿ ಜೋರಾಗಿಯೇ ಅಂದನಂತೆ. ಆ ಮಾತು ಗುನ್ವೋರಳ ಕಿವಿಗೆ ಬಿದ್ದು ಅವಳಿಗೆ ಅನ್ನ ಸೇರಲಿಲ್ಲ. ತೋರ್ಕೆಲ್‌ನ ಕಾರೂ ಎಷ್ಟೋ ಬೇಸಿಗೆ ಹೀಗೆಯೇ ಹೋಗಿ ಹೀಗೆಯೇ ಬಂದಿತ್ತು. ಅವರು ಅದನ್ನೇ ಟೈರು ಗಟ್ಟಿಯಿದೆ ಎನ್ನುವುದಕ್ಕೆ ಸಾಕ್ಷಿ ಎಂದುಕೊಂಡಿದ್ದಾರೆ. ಇದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು? ಸಂಘದವರು ಅವಳು ಕ್ಷಮೆ ಕೇಳಬೇಕು ಎಂದು ಹೇಳಿ ಕಳಿಸಿದರು. ಅವಳು ಕೇಳಲಿಲ್ಲ. ಬೀದಿಯಲ್ಲಿ ಕೆಲವರು ಅವಳನ್ನು ಕಂಡರೆ ಆಚೆ ಬದಿಗೆ ದಾಟತೊಡಗಿದರು. ಪೆರ್ನಿಲ್ಲಾ ಮಾತ್ರ ಒಂದು ದಿನ ಎದುರಾದಾಗ ನಿಂತು, "ರೋನಿ ಮೊನ್ನೆ ನಾಲ್ಕೂ ಟೈರು ಬದಲಾಯಿಸಿದ. ನನ್ನ ಜೊತೆ ಇನ್ನೂ ಮಾತಾಡ್ತಿಲ್ಲ, ಆದ್ರೆ ಬದಲಾಯಿಸಿದ," ಎಂದಳು.

ಆಗಸ್ಟ್ ಕೊನೆಯಲ್ಲಿ ಶಾಲೆ ಶುರುವಾದ ಮೇಲೆ, ಒಂದು ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲು ತಟ್ಟಿದ ಸದ್ದಾಯಿತು. ಗುನ್ವೋರ್ ಒದ್ದೆ ಕೈಯಲ್ಲೇ ತೆಗೆದಳು. ತೋರ್ಕೆಲ್ ನಿಂತಿದ್ದ. ಜೋಲಿ ಇರಲಿಲ್ಲ. ಸೊರಗಿ ಹೋಗಿದ್ದ.

"ಒಳಗೆ ಬರ್ಬೇಡ. ಏನು?"

"ಪೊಲೀಸರ ಹತ್ರ ಹೋಗಿ ಹೇಳಿ ಬಂದೆ. ಬಿರುಕು ಗೊತ್ತಿತ್ತು ಅಂತ. ಆನೆಲಿ ಕೇಳಿದ್ದು, ನಾನು ಹೇಳಿದ್ದು, ಎಲ್ಲ."

ಅವಳ ಹಿಂದೆ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಕುದಿಯುತ್ತಿತ್ತು.

"ಕೇಸು ಆಗ್ತದೆ ಅಂದ್ರು," ಎಂದ ಅವನು.

"ಆಗ್ಲಿ."

"ಆಗ್ಲಿ ಅಂತಲೇ ಹೋದೆ. ಅವತ್ತು ಮೈದಾನದಲ್ಲಿ ನೀನು ಹೇಳು ಅಂದಾಗ ಆಗಲಿಲ್ಲ. ಕಾರಲ್ಲಿ ಕೂತು ದೋಸೆ ಹೋಟೆಲ್ ತನಕ ಹೋದೆ. ಅಲ್ಲಿ ಎಲ್ಲ ಆರ್ಡರ್ ಮಾಡಿದ್ರು. ನಾನೂ ಮಾಡಿದೆ ಗುನ್ವೋರ್. ತಿಂದೆ."

ಇದನ್ನು ಕೇಳಿ ಅವಳು ಸಿಡಿದಳು. ಇಷ್ಟು ದಿನ ಹೇಳದೆ ಉಳಿದದ್ದೆಲ್ಲ ಬಂತು. ತಂಗಿ ಸಣ್ಣವಳಿದ್ದಾಗ ಕತ್ತಲಿಗೆ ಹೆದರುತ್ತಿದ್ದದ್ದು, ಅಕ್ಕ ಹೇಳಿದರೆ ಸಾಕು, ಕಣ್ಣು ಮುಚ್ಚಿ ನಂಬುತ್ತಿದ್ದದ್ದು. ಮದುವೆಯ ದಿನ, "ಇವನು ತನ್ನ ಸಾಮಾನನ್ನ ಎಷ್ಟು ಚೆನ್ನಾಗಿ ನೋಡ್ಕೊಳ್ತಾನೆ ನೋಡು, ನನ್ನನ್ನೂ ಹಾಗೇ ನೋಡ್ಕೊಳ್ತಾನೆ," ಎಂದು ಅಕ್ಕನ ಕಿವಿಯಲ್ಲಿ ಹೇಳಿದ್ದು. "ಹಾಗೇ ನೋಡ್ಕೊಂಡೆ! ಮೇಲೆ ಹೊಳಪು ಬಳಿದು ಒಳಗೆ ಒಣಗಿಸಿದೆ! ಅವಳಿಗಿಂತ ಆ ಬಿಳಿ ಪಟ್ಟಿ ಹೆಚ್ಚಾಯ್ತಲ್ಲೋ ನಿನಗೆ, ಪಾಪಿ!" ಧ್ವನಿ ಒಡೆದು ಹೋಗುವ ತನಕ ಬೈದಳು. ಅಡುಗೆಮನೆಯ ಇನ್ನಿಬ್ಬರು ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ತೋರ್ಕೆಲ್ ಒಂದು ಮಾತಿಗೂ ಎದುರಾಡಲಿಲ್ಲ, ಹೋಗಲೂ ಇಲ್ಲ.

ಬೈಯುತ್ತ ಬೈಯುತ್ತಲೇ ಅವಳಿಗೆ ಅಳು ಬಂತು. ಜೂನ್‌ನಿಂದ ಬಾರದಿದ್ದ ಅಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೂಗು ಒರೆಸಿಕೊಳ್ಳದೆ ಅತ್ತಳು. ಅವನು ಕೈ ಚಾಚಿದ.

"ಮುಟ್ಬೇಡ," ಎಂದಳು. ಅವನು ಕೈ ಹಿಂದೆ ತೆಗೆದುಕೊಂಡ.

"ಹೇಳಿ ಬಂದದ್ದು ಒಳ್ಳೇದಾಯ್ತು," ಎಂದಳು ಆಮೇಲೆ, ಉಸಿರು ಹಿಡಿತಕ್ಕೆ ಬಂದ ಮೇಲೆ. "ಅದಕ್ಕೆ ನಾನು ನಿನ್ನನ್ನ ಕ್ಷಮಿಸ್ತೀನಿ ಅಂತ ತಿಳ್ಕೋಬೇಡ. ಹೋಗು. ಮಕ್ಕಳು ಊಟಕ್ಕೆ ಬರ್ತಾರೆ."

ಚಳಿಗಾಲದಲ್ಲಿ ತೀರ್ಪು ಬಂತು. ತೋರ್ಕೆಲ್‌ಗೆ ಜೈಲಾಗಲಿಲ್ಲ, ಅಪರಾಧಿ ಎಂದು ಹೇಳಿ, ಇನ್ನೊಂದು ತಪ್ಪು ಮಾಡದೆ ನಡೆದುಕೋ ಎಂದು ಬಿಟ್ಟರು. ಇಷ್ಟೇನಾ ಎಂದು ಗುನ್ವೋರಳಿಗೆ ಮೈ ಉರಿಯಿತು. ಕೋರ್ಟಿನ ಮೆಟ್ಟಿಲಿಳಿಯುವಾಗ ಸ್ಟೆಲ್ಲಾನ್ ಎದುರಾದ. ಸ್ನೇಹಿತನ ಪರ ನಿಲ್ಲಲು ಬಂದಿದ್ದವನು ಅವಳನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಕಣ್ಣೆತ್ತಲಿಲ್ಲ. ಹೊರಗೆ ಹಿಮ ಬೀಳುತ್ತಿತ್ತು. ಅವಳು ಶಾಲು ಬಿಗಿದುಕೊಂಡು ಬಸ್ಸಿಗೆ ನಡೆದಳು.